ಹೊರ ಲೈನಿಗೊಂದು ಅಂಕಿ

ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಮೇಜಿನ ಮೇಲಿನ ಫೋನಿನಿಂದ ಹೊರಗಿನವರಿಗೆ ಕರೆ ಮಾಡುವವರು ಮೊದಲು ಸೊನ್ನೆ ಒತ್ತುವುದನ್ನು ನೀವು ನೋಡಿರಬಹುದು. ಕೆಲವೆಡೆ ಸೊನ್ನೆಯ ಬದಲು ಒಂಬತ್ತು. ಮನೆಯ ಫೋನಿಗೆ ಇಲ್ಲದ ಈ ಕಟ್ಟಳೆ ಕಚೇರಿಯ ಫೋನಿಗೇಕೆ?

ಇದಕ್ಕೆ ಕಾರಣ ಕಚೇರಿಯೊಳಗೇ ಇರುವ ಪುಟ್ಟ ದೂರವಾಣಿ ವಿನಿಮಯ ಕೇಂದ್ರ. ಇದಕ್ಕೆ ಪಿಬಿಎಕ್ಸ್ ಎಂದು ಹೆಸರು. ನೂರು ಜನರಿರುವ ಕಚೇರಿಗೆ ನೂರು ಹೊರ ಲೈನುಗಳೆಂದರೆ ದುಬಾರಿ. ಎಲ್ಲರೂ ಒಂದೇ ಹೊತ್ತಿಗೆ ಹೊರಗೆ ಮಾತನಾಡುವುದೂ ಇಲ್ಲ. ಆದ್ದರಿಂದ ಕೆಲವೇ ಲೈನುಗಳನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಒಳಗಿನವರಿಗೆ 234, 415 ಎಂಬಂಥ ಕಿರು ಸಂಖ್ಯೆಗಳಿರುತ್ತವೆ. ಮೊದಲ ಅಂಕಿ 2 ಅಥವಾ 4 ಆದರೆ ಕರೆ ಒಳಗೆ; 0 ಆದರೆ ಹೊರಗೆ.

ತಿರುಗಿಸುವ ಡಯಲ್ ಇದ್ದ ಕಾಲದಲ್ಲಿ ಇದು ಅನಿವಾರ್ಯವಾಗಿತ್ತು. ಬೆರಳು ತೆಗೆದೊಡನೆ ಡಯಲ್ ಹಿಂದಿರುಗುತ್ತ ಲೈನಿನ ವಿದ್ಯುತ್ ಪ್ರವಾಹವನ್ನು ಕ್ಷಣಕ್ಷಣಕ್ಕೆ ಕಡಿಯುತ್ತಿತ್ತು. 1ಕ್ಕೆ ಒಂದು ಮಿಡಿತ, 9ಕ್ಕೆ ಒಂಬತ್ತು, 0ಗೆ ಹತ್ತು. ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ಬಗೆಯ ಸ್ವಿಚ್ಚುಗಳು ಪ್ರತಿ ಮಿಡಿತಕ್ಕೂ ಒಂದೊಂದು ಹೆಜ್ಜೆ ಸರಿಯುತ್ತಿದ್ದವು. ಪೂರ್ತಿ ಸಂಖ್ಯೆ ಕೇಳಿ ಯೋಚಿಸುವ ಶಕ್ತಿ ಅವಕ್ಕಿರಲಿಲ್ಲ. ಮೊದಲ ಅಂಕಿಯೇ ಅವುಗಳಿಗೆ ಕೈಮರ. ಮುಂದೆ ಗಣಕಯಂತ್ರ ಆ ಕೆಲಸಕ್ಕೆ ಬಂತು. ಪೂರ್ತಿ ಸಂಖ್ಯೆಯನ್ನು ನೆನಪಿನಲ್ಲಿಟ್ಟು ದಾರಿ ಹುಡುಕುವುದು ಅದಕ್ಕೆ ಸುಲಭ. ಆದರೂ ಹಳೆಯ ರೂಢಿ ಉಳಿದೇಬಿಟ್ಟಿತು.

ಆ ರೂಢಿ ಒಮ್ಮೆ ಪ್ರಾಣಾಪಾಯದ ಹೊತ್ತಿನಲ್ಲೇ ಅಡ್ಡ ಬಂತು. ಅಮೆರಿಕದಲ್ಲಿ ತುರ್ತು ಸಹಾಯದ ಸಂಖ್ಯೆ 911. ಅಲ್ಲಿನ ಕಚೇರಿ, ಹೋಟೆಲುಗಳಲ್ಲಿ ಹೊರ ಲೈನಿಗೆ ಸಾಮಾನ್ಯವಾಗಿ 9 ಒತ್ತಬೇಕಿತ್ತು. 2013ರ ಡಿಸೆಂಬರಿನಲ್ಲಿ ಟೆಕ್ಸಾಸ್ ರಾಜ್ಯದ ಮಾರ್ಷಲ್ ಊರಿನ ವಸತಿಗೃಹವೊಂದರಲ್ಲಿ ಕ್ಯಾರಿ ಹಂಟ್ ಎಂಬಾಕೆಯ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಒಂಬತ್ತು ವರ್ಷದ ಮಗಳು ಕಲಿತಿದ್ದಂತೆ ನಾಲ್ಕು ಸಲ 911 ಒತ್ತಿದಳು. ಕರೆ ಹೋಗಲಿಲ್ಲ. ಅಲ್ಲಿ ಒತ್ತಬೇಕಿದ್ದುದು 9911. ಮೊದಲ 9 ಹೊರ ಲೈನಿಗೆಂದೇ ಖರ್ಚಾದರೆ ಉಳಿಯುವುದು ಬರೀ 11! ತಾಯಿ ಬದುಕಲಿಲ್ಲ. ಮಗುವಿನ ತಪ್ಪೇನೂ ಇರಲಿಲ್ಲ.

ಆಕೆಯ ತಂದೆ ಹೋರಾಟಕ್ಕೆ ನಿಂತರು. ಕ್ಯಾರಿಯ ಹೆಸರಿನಲ್ಲೇ ರೂಪುಗೊಂಡ ಕಾನೂನಿಗೆ 2018ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರ ಅಂಕಿತ ಬಿತ್ತು. 2020ರ ಫೆಬ್ರವರಿ 16ರ ನಂತರ ಅಲ್ಲಿ ತಯಾರಿಸುವ, ಮಾರುವ, ಅಳವಡಿಸುವ ಇಂಥ ಫೋನ್ ವ್ಯವಸ್ಥೆಗಳಲ್ಲಿ ಯಾವ ಅಂಕಿಯನ್ನೂ ಮುಂದೆ ಸೇರಿಸದೆ 911ಕ್ಕೆ ಕರೆ ಹೋಗಲೇಬೇಕು.

ನಮ್ಮಲ್ಲಿ ತುರ್ತು ಸಂಖ್ಯೆ 112. ಮೊಬೈಲಿನಿಂದ ಅದನ್ನು ನೇರವಾಗಿ ಒತ್ತಬಹುದು. ಆದರೆ ಹೊರ ಲೈನಿಗೆ ಸೊನ್ನೆ ಬೇಕಾದ ಫೋನಿನಲ್ಲಿ 0112 ಒತ್ತಬೇಕಾದೀತು. ಕೊಠಡಿಯ ಸಂಖ್ಯೆಯೇ ಫೋನಿನ ಸಂಖ್ಯೆಯಾಗಿರುವ ಹೋಟೆಲಿನಲ್ಲಿ 112 ಒತ್ತಿದರೆ ಆ ಕೊಠಡಿಯ ಗಂಟೆ ಬಾರಿಸಿದರೂ ಆಶ್ಚರ್ಯವಿಲ್ಲ.

ಹೆತ್ತವರು ಮಕ್ಕಳಿಗೆ 112 ಎಂದು ಬಾಯಿಪಾಠ ಮಾಡಿಸಿದರೆ ಸಾಲದು. ಪ್ರವಾಸದಲ್ಲಿ ಹೋಟೆಲಿನ ಕೋಣೆ ಸೇರಿದೊಡನೆ, ಈ ಫೋನಿನಿಂದ ಹೊರಗೆ ಕರೆ ಮಾಡುವುದು ಹೇಗೆಂದು ಸ್ವಾಗತ ಮೇಜಿನಲ್ಲಿ ಕೇಳಿ ಮಕ್ಕಳಿಗೂ ತಿಳಿಸಿರಿ. ಶಾಲೆಯ ಫೋನಿನ ಪಕ್ಕದಲ್ಲಿ ಆ ವಿವರದ ಒಂದು ಚೀಟಿ ಅಂಟಿಸುವ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಬಹುದು.