ಹಸಿರು ನಾಡಿನಲ್ಲಿ ಹಸಿರು ಪಕ್ಷದ ಪಾಡು

ಆಫ್ರಿಕ ಖಂಡದ ಪುಟ್ಟ ದೇಶ ರುವಾಂಡಾಕ್ಕೆ ‘ಸಾವಿರ ಗುಡ್ಡಗಳ ನಾಡು’ ಎಂಬ ಹೆಸರಿದೆ. ಪರಿಸರಾಸಕ್ತರ ಮಾತುಕತೆಗಳಲ್ಲಿ ಈ ದೇಶ ಮತ್ತೆ ಮತ್ತೆ ಮಾದರಿಯಾಗಿ ಪ್ರಸ್ತಾಪವಾಗುತ್ತದೆ. 2008ರಲ್ಲಿಯೇ ಅದು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಪ್ರತಿ ತಿಂಗಳ ಕೊನೆಯ ಶನಿವಾರ ‘ಉಮುಗಾಂಡ’ದ ಹೆಸರಿನಲ್ಲಿ ಊರಿಗೆ ಊರೇ ಬೀದಿ ಗುಡಿಸುತ್ತದೆ, ಚರಂಡಿ ತೋಡುತ್ತದೆ, ಸಸಿ ನೆಡುತ್ತದೆ. ರಾಜಧಾನಿ ಕಿಗಾಲಿಯ ಸ್ವಚ್ಛತೆಯನ್ನು ಹೊಗಳದ ಪ್ರವಾಸಿಗರು ವಿರಳ. ಆದರೆ ಇದೇ ನಾಡಿನಲ್ಲಿ ಹಸಿರು ಪಕ್ಷವೊಂದು ಹುಟ್ಟಿದಾಗ ಅದಕ್ಕೆ ಒದಗಿದ ಪಾಡು ಈ ಹೊಗಳಿಕೆಯಲ್ಲಿ ಎಲ್ಲಿಯೂ ಕೇಳಿಬರುವುದಿಲ್ಲ.

2009ರ ಆಗಸ್ಟ್‌ನಲ್ಲಿ ಫ್ರಾಂಕ್ ಹಬಿನೇಜಾ ಮತ್ತು ಸಂಗಡಿಗರು ರುವಾಂಡಾ ಪ್ರಜಾಸತ್ತಾತ್ಮಕ ಹಸಿರು ಪಕ್ಷವನ್ನು ಸ್ಥಾಪಿಸಿದರು. ಅದರ ಪ್ರಮುಖರು ಅಧ್ಯಕ್ಷ ಪಾಲ್ ಕಗಾಮೆಯವರ ಆಡಳಿತ ಪಕ್ಷವನ್ನೇ ತೊರೆದು ಬಂದವರು. ನೋಂದಣಿಗೆ ಸದಸ್ಯರು ಸಭೆ ಸೇರಿ ಸಹಿ ಹಾಕಬೇಕು. ಸಭೆಗೆ ಆಡಳಿತದ ಅನುಮತಿ ಬೇಕು. ಅಕ್ಟೋಬರ್ 30ರಂದು ಕಿಗಾಲಿಯಲ್ಲಿ ಸೇರಿದ ಸಭೆ ಗದ್ದಲಕ್ಕೆ ಸಿಕ್ಕಿತು. ಪೊಲೀಸರು ಅದನ್ನು ನಿಲ್ಲಿಸಿದರು. ಮುಂದೆ ಅನುಮತಿ ಕೈಗೂಡಲಿಲ್ಲ. ಅನುಮತಿಯಿಲ್ಲದೆ ಸಭೆಯಿಲ್ಲ, ಸಭೆಯಿಲ್ಲದೆ ಸಹಿಯಿಲ್ಲ, ಸಹಿಯಿಲ್ಲದೆ ಪಕ್ಷವಿಲ್ಲ. ನಿಷೇಧದ ಆದೇಶ ಹೊರಡಿಸದೆಯೇ ಪಕ್ಷವೊಂದನ್ನು ತಡೆದು ನಿಲ್ಲಿಸುವ ಬಗೆ ಇದು.

2010ರ ಆಗಸ್ಟ್ 9ಕ್ಕೆ ಅಧ್ಯಕ್ಷೀಯ ಚುನಾವಣೆ. ಅದಕ್ಕೆ ತಿಂಗಳೂ ಇಲ್ಲದಿರುವಾಗ, ಜುಲೈ 14ರಂದು, ಪಕ್ಷದ ಉಪಾಧ್ಯಕ್ಷ ಆಂದ್ರೆ ಕಾಗ್ವಾ ರ್ವಿಸೆರೆಕಾ ಅವರ ಶವ ಬುಟಾರೆಯ ಬಳಿ ಸಿಕ್ಕಿತು. ತಲೆ ಬಹುಪಾಲು ಕತ್ತರಿಸಿಹೋಗಿತ್ತು. ಕೊಲೆಯಲ್ಲಿ ತನ್ನ ಕೈವಾಡವಿಲ್ಲವೆಂದು ಸರ್ಕಾರ ಹೇಳಿತು. ಸ್ವತಂತ್ರ ತನಿಖೆ ನಡೆಯಲಿ ಎಂಬ ಪಕ್ಷದ ಬೇಡಿಕೆ ಈಡೇರಲಿಲ್ಲ. ಹಬಿನೇಜಾ ಸ್ವೀಡನ್ನಿಗೆ ತೆರಳಿ 2012ರಲ್ಲಿ ಮರಳಿದರು. ನೋಂದಣಿ ದೊರೆತದ್ದು 2013ರ ಆಗಸ್ಟ್‌ನಲ್ಲಿ. ಸಂಸತ್ ಚುನಾವಣೆ ಮರುತಿಂಗಳೇ ಇತ್ತು. ಅಭ್ಯರ್ಥಿಗಳನ್ನು ಅಣಿಗೊಳಿಸಲು ಸಮಯವಿಲ್ಲದೆ ಪಕ್ಷ ಕಣಕ್ಕಿಳಿಯಲಿಲ್ಲ. 2014ರ ಜೂನ್‌ನಲ್ಲಿ ಪಕ್ಷದ ಸಂಘಟನಾ ಕಾರ್ಯದರ್ಶಿಯೊಬ್ಬರು ಕಾಣೆಯಾದರು.

1994ರ ನರಮೇಧವನ್ನು ಕಂಡ ದೇಶದಲ್ಲಿ ರಾಜಕೀಯವನ್ನು ಬಿಗಿಹಿಡಿಯದೆ ಗತ್ಯಂತರವಿಲ್ಲವೆಂಬುದು ಸರ್ಕಾರದ ಸಮರ್ಥಕರ ವಾದ. ಲಕ್ಷಾಂತರ ಜನರನ್ನು ಕಳೆದುಕೊಂಡ ನಾಡಿನ ಭಯವನ್ನು ಯಾರೂ ಹಗುರಾಗಿ ಕಾಣುವಂತಿಲ್ಲ. ಆದರೆ ಈ ಪಕ್ಷ ಕೇಳಿದ್ದೇನು? 2015ರಲ್ಲಿ ಕಗಾಮೆಯವರ ಅಧಿಕಾರಾವಧಿಯನ್ನು ವಿಸ್ತರಿಸಲು ಸಂವಿಧಾನ ತಿದ್ದುಪಡಿ ಬಂದಾಗ ಅದು ಆಯುಧ ಹಿಡಿಯಲಿಲ್ಲ, ದ್ವೇಷ ಬಿತ್ತಲಿಲ್ಲ. ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿ ಸೋತಿತು. ಅದನ್ನು ಕಂಡು ಭಯಪಡುವವರ ಭಯ ಜನಾಂಗ ಕಲಹದ್ದಲ್ಲ.

ಈಗ ಪಕ್ಷಕ್ಕೆ ಮಾನ್ಯತೆಯಿದೆ. 2018ರಲ್ಲಿ 80 ಸದಸ್ಯರ ಕೆಳಮನೆಯಲ್ಲಿ 2 ಸ್ಥಾನ ದೊರೆತವು, 2024ರಲ್ಲಿಯೂ ಅಷ್ಟೇ. 2024ರ ಅಧ್ಯಕ್ಷೀಯ ಚುನಾವಣೆಯಲ್ಲಿ ಕಗಾಮೆಯವರಿಗೆ ಶೇಕಡ 99ಕ್ಕೂ ಹೆಚ್ಚು, ಹಬಿನೇಜಾ ಅವರಿಗೆ ಸುಮಾರು ಅರ್ಧ ಶೇಕಡ ಮತ ಬಂತೆಂದು ಘೋಷಿಸಲಾಯಿತು. ಬೆಳೆಯುವ ವಯಸ್ಸಿನಲ್ಲಿ ನೀರು ತಪ್ಪಿಸಿದ ಸಸಿಗೆ ಆಮೇಲೆ ಬೇಲಿ ಕಟ್ಟಿದಂತೆ ಈ ಮಾನ್ಯತೆ.

ಪರಿಸರದ ಹೆಸರಿನ ಯೋಜನೆಗಳೆಲ್ಲ ಜನರ ಬದುಕಿನ ಮೇಲೆಯೇ ಹಾದುಹೋಗುತ್ತವೆ. ಯಾವ ಸೀಮೆಯಲ್ಲಿ ಯಾವ ಬೆಳೆ ಬೆಳೆಯಬೇಕೆಂಬುದನ್ನು ರುವಾಂಡಾದಲ್ಲಿ ಸರ್ಕಾರದ ಬೆಳೆ ತೀವ್ರೀಕರಣ ಯೋಜನೆ ಬಹುಮಟ್ಟಿಗೆ ನಿರ್ಧರಿಸುತ್ತ ಬಂದಿದೆ. ಗುಡ್ಡದ ಓರೆಯಲ್ಲಿ ಹತ್ತು ಬೆಳೆ ಬೆರೆಸಿ ಬಿತ್ತುತ್ತಿದ್ದ ರೈತ ‘ಬೇಡ’ ಎನ್ನಬೇಕಾದರೆ ಆ ಮಾತನ್ನು ಸಭೆಯಲ್ಲಿ ಎತ್ತುವವರು ಬೇಕು. ಅಂಥವರ ಬಾಯಿ ಕಟ್ಟಿದ ಸರ್ಕಾರ ತಪ್ಪು ಮರವನ್ನು ನೆಟ್ಟರೂ ತಿಳಿಸುವವರಿರುವುದಿಲ್ಲ. ಕಿಗಾಲಿಯ ಬೀದಿಗಳನ್ನು ಮಾದರಿಯೆನ್ನುವ ಪರಿಸರ ಚಳವಳಿಗಳು ಅದೇ ಉಸಿರಿನಲ್ಲಿ ರ್ವಿಸೆರೆಕಾ ಅವರ ಕೊಲೆಯ ತನಿಖೆಯನ್ನೂ ಕೇಳಬೇಕು.