ಮಕ್ಕಳೊಡನೆ ಹಡಗಿನ ವಿಹಾರ

ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೆ ಹೊರಡುವ ವಿಹಾರ ಹಡಗನ್ನು ಆರಿಸುವಾಗ ತಂದೆತಾಯಿಯರು ನೋಡುವುದು ಈಜುಕೊಳ, ಆಟದ ಕೋಣೆ. ವಿಚಾರಿಸಬೇಕಾದದ್ದು ಬೇರೆಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಪ್ರಯಾಣದ ವಾಂತಿ 2ರಿಂದ 12 ವರ್ಷದ ಮಕ್ಕಳಲ್ಲಿ ಹೆಚ್ಚು. ಘಟ್ಟದ ರಸ್ತೆಯಲ್ಲಿ ಬಸ್ಸು ತಿರುಗಿದಾಗ ವಾಂತಿ ಮಾಡುವ ಮಗುವಿಗೆ ಹಡಗೂ ಕಷ್ಟವಾದೀತು. ಆದ್ದರಿಂದ ಮೊದಲ ಸಲ ಎರಡು ರಾತ್ರಿಯ ಪ್ರವಾಸ ಸಾಕು, ಮಳೆಗಾಲ ಬೇಡ. ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆಯಲ್ಲಿ ತೂಗಾಟ ಕಡಿಮೆ. ವಾಂತಿ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಿ.

ವಾಂತಿಭೇದಿ ತರುವ ನೋರೋವೈರಸ್ ಹಡಗಿನಲ್ಲಿ ಬೇಗ ಹರಡುತ್ತದೆ. ಇದಕ್ಕೆ ಸ್ಯಾನಿಟೈಸರ್ ಸಾಲದು. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಸಿ.

ಹಡಗಿನಲ್ಲಿ ವೈದ್ಯರಿದ್ದಾರೆಯೆ? ಈಜುಕೊಳದ ಬಳಿ ಕಾವಲುಗಾರರಿದ್ದಾರೆಯೆ? ಸರಿಯಾದ ಉತ್ತರ ಸಿಗದಿದ್ದರೆ, ಟಿಕೆಟ್ಟು ಎಷ್ಟೇ ಅಗ್ಗವಾಗಿದ್ದರೂ ಆ ಹಡಗು ಬೇಡ.