ಅಂಗಗಳ ಸಂವಾದ

ಛಾಂದೋಗ್ಯೋಪನಿಷತ್ತಿನಲ್ಲಿ ಒಂದು ಕಥೆ ಬರುತ್ತದೆ. ಮಾತು, ಕಣ್ಣು, ಕಿವಿ, ಮನಸ್ಸು, ಪ್ರಾಣ ಇವು ತಮ್ಮೊಳಗೆ ಯಾರು ಹೆಚ್ಚು ಎಂದು ವಾದಿಸಿದುವು. ಕೊನೆಗೆ ಪ್ರಾಣವು ಹೊರಡಲು ಅನುವಾದಾಗ ಮಿಕ್ಕವೆಲ್ಲ ಕಂಗೆಟ್ಟು ಅದಕ್ಕೆ ತಲೆಬಾಗಿದುವು. ಶರೀರದಲ್ಲಿ ಒಂದನ್ನು ನಂಬಿ ಇನ್ನೊಂದು ಬಾಳುತ್ತದೆ ಎಂಬುದು ಹಳೆಯ ತಿಳಿವಳಿಕೆ. ಆದರೆ ಅವು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಹೇಗೆ?

1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ನಾಯಿಯೊಂದರ ಕರುಳಿನ ನರಗಳನ್ನು ಕತ್ತರಿಸಿ, ಆ ಕರುಳಿಗೆ ಆಮ್ಲವನ್ನು ಹಾಕಿದರು. ಆದರೂ ಮೇದೋಜೀರಕ ಗ್ರಂಥಿಯು ರಸವನ್ನು ಸುರಿಸಿತು. ಸುದ್ದಿಯು ರಕ್ತದ ಮೂಲಕ ಹೋಗಿತ್ತು! ಆ ದೂತನೇ ‘ಸೆಕ್ರೆಟಿನ್’. ಇದನ್ನರಿಯಲು ಮೂಕಪ್ರಾಣಿಯ ಹೊಟ್ಟೆಯನ್ನು ಸೀಳಬೇಕಾಯಿತು.

ಇಂದು ಇನ್ನೊಂದು ದಾರಿಯೂ ತೆರೆದಿದೆ. ಚರ್ಮದ ಜೀವಕೋಶವನ್ನು, ಯಾವ ಅಂಗದ ಕೋಶವಾಗಿಯೂ ಬೆಳೆಯಬಲ್ಲ ಆಕರಕೋಶವನ್ನಾಗಿ ಮಾರ್ಪಡಿಸುವ ಉಪಾಯವನ್ನು ಜಪಾನಿನ ಯಾಮಾನಾಕಾ ಅವರು 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯನಲ್ಲಿ ಸಾಧಿಸಿದರು. ಇಂಥ ಕೋಶಗಳಿಂದ ಪ್ರಯೋಗಶಾಲೆಯಲ್ಲಿ ಕಾಳಿನಷ್ಟು ಗಾತ್ರದ ಅಂಗಮಾದರಿಗಳನ್ನು ಬೆಳೆಸುತ್ತಾರೆ. ಇವಕ್ಕೆ ‘ಆರ್ಗನಾಯ್ಡ್’ ಎಂದು ಹೆಸರು. ಅಮೇರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮಿದುಳು, ಬೆನ್ನುಹುರಿ, ಸ್ನಾಯು ಈ ಮೂರರ ಮಾದರಿಗಳನ್ನು ಬೇರೆ ಬೇರೆಯಾಗಿ ಬೆಳೆಸಿ ಒಟ್ಟಿಗೆ ಇರಿಸಿದರು. ಅವು ತಾವಾಗಿಯೇ ಕೂಡಿಕೊಂಡುವು. ಮಿದುಳಿನ ಮಾದರಿಯನ್ನು ಪ್ರಚೋದಿಸಿದಾಗ ಸ್ನಾಯುವು ಸಂಕುಚಿಸಿತು! ಇದು ಪ್ರಕಟವಾದುದು 2020ರಲ್ಲಿ.

“ಇದು ಸೃಷ್ಟಿಯೊಡನೆ ಚೆಲ್ಲಾಟವಲ್ಲವೇ?” ಎಂದು ಹಿರಿಯರು ಕೇಳಬಹುದು. ಅಲ್ಲವೆಂದೇ ನನ್ನ ಅಭಿಪ್ರಾಯ. ಬದುಕಿರುವ ಮನುಷ್ಯನ ಬೆನ್ನುಹುರಿಯನ್ನು ಬಗೆದು ನೋಡುವಂತಿಲ್ಲ. ಪ್ರಾಣಿಯ ರೋಗವು ಎಲ್ಲ ವಿಷಯಗಳಲ್ಲಿಯೂ ನಮ್ಮ ರೋಗದಂತಿರುವುದಿಲ್ಲ. ಕೈಕಾಲು ಸೋತು ಮಲಗಿದವನಿಗೆ ಮಿದುಳಿನ ಅಪ್ಪಣೆ ಎಲ್ಲಿ ತಡೆಯಿತೆಂದು ತಿಳಿಯಲು ಇಂಥ ಮಾದರಿಯು ನೆರವಾದೀತು.

ಆದರೆ ಎರಡು ಮಾತುಗಳನ್ನು ಮರೆಯಬಾರದು. ಮೊದಲನೆಯದು, ಕಾಳಿನಷ್ಟು ಮಾದರಿಯು ಪೂರ್ಣ ಅಂಗವಲ್ಲ. ರಕ್ತಸಂಚಾರವಿಲ್ಲದ ಅದರಿಂದ ಸಂವಾದದ ಒಂದು ತುಣುಕನ್ನು ಕೇಳಬಹುದೇ ಹೊರತು ಎಲ್ಲವನ್ನೂ ಅಲ್ಲ. ಎರಡನೆಯದು, ಕೋಶವನ್ನಿತ್ತವರ ಒಪ್ಪಿಗೆ. 1951ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ತಾಯಿಯ ಗೆಡ್ಡೆಯಿಂದ ತೆಗೆದ ಕೋಶಗಳು ಜಗತ್ತಿನ ಪ್ರಯೋಗಶಾಲೆಗಳನ್ನೆಲ್ಲ ಸೇರಿದುವು. ಆಕೆಯನ್ನು ಯಾರೂ ಕೇಳಿರಲಿಲ್ಲ.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲೊಬ್ಬರು ಇಂಥ ಪ್ರಯೋಗಶಾಲೆಯಲ್ಲಿ ಕುಳಿತಿರಬಹುದು. ಅಂಗಗಳ ಮಾತಿಗೆ ಕಿವಿಗೊಡುವ ಮೊದಲು, ಆ ಕೋಶವನ್ನು ಕೊಟ್ಟ ಮನುಷ್ಯನ ಮಾತನ್ನು ಕೇಳಿರಿ. ಆ ವಿನಯವಿದ್ದಲ್ಲಿ ವಿಜ್ಞಾನಕ್ಕೆ ಅಂಜಬೇಕಾಗಿಲ್ಲ.